ಹಲ್ಲು ಕಿತ್ತ ಗಾಯ ಮೂರು ತಿಂಗಳಾದರೂ ಮಾಯ್ದಿಲ್ಲ: ಎಲುಬಿನ ಸಲೈನ್ ಬಿಡಿಸಬೇಕೇ?

ಪ್ರಶ್ನೆ: ಸರ್, ನಾವು ಆಳಂದ ತಾಲ್ಲೂಕಿನವರು. ನಮ್ಮವ್ವನಿಗೆ 61 ವರ್ಷ. ನಾಲ್ಕು ವರ್ಷದ ಹಿಂದೆ ಎದೆಯ ಕ್ಯಾನ್ಸರ್ ಆಗಿ ಆಪರೇಷನ್ ಆಯ್ತು. ಆಮೇಲೆ ಬೆನ್ನೆಲುಬಿಗೆ ಹರಡಿದೆ ಅಂದರು. ಎರಡು ವರ್ಷದಿಂದ ತಿಂಗಳಿಗೊಮ್ಮೆ ಎಲುಬಿಗೆ ಸಲೈನ್ ಹಾಕಿಸುತ್ತಿದ್ದೇವೆ. ಚೀಟಿಯಲ್ಲಿ ಝೋಲೆಡ್ರೊನಿಕ್ ಆಸಿಡ್ 4 ಮಿ.ಗ್ರಾಂ. ಅಂತ ಇದೆ. ಮೂರು ತಿಂಗಳ ಹಿಂದೆ ಕೆಳಗಿನ ದವಡೆ ಹಲ್ಲು ಅಲುಗಾಡಿ ನೋವಾಯ್ತು, ಹತ್ತಿರದ ದವಾಖಾನೆಯಲ್ಲಿ ಕೀಳಿಸಿದೆವು. ಗಾಯ ಇನ್ನೂ ಮಾಯ್ದಿಲ್ಲ. ಒಳಗೆ ಹಳದಿ ಎಲುಬು ಕಾಣುತ್ತದೆ, ಬಾಯಿ ವಾಸನೆ ಬರುತ್ತದೆ, ಎಡಗಡೆ ತುಟಿ ಜುಮ್ಮೆನ್ನುತ್ತದೆ. ಓಣಿಯವರು ಕ್ಯಾನ್ಸರ್ ದವಡೆಗೆ ಬಂತು ಅನ್ನುತ್ತಾರೆ. ಇನ್ನೊಬ್ಬರು ಸಲೈನಿಂದಲೇ ಹೀಗಾಗಿದೆ, ಬಿಡಿಸಿಬಿಡಿ ಅಂದರು. ಇದನ್ನು ಕೇಳಿ ನಮ್ಮ ಕಾಕು ಎಲುಬು ಸವೆತಕ್ಕೆ ವಾರಕ್ಕೊಮ್ಮೆ ನುಂಗುತ್ತಿದ್ದ ಗುಳಿಗೆಯನ್ನೂ ಬಿಟ್ಟಿದ್ದಾರೆ. ಏನು ಮಾಡಬೇಕು?

ಉತ್ತರ: ಮೊದಲು ಈ ವಾರ ಮಾಡಬೇಕಾದ ಕೆಲಸ ಹೇಳಿಬಿಡುತ್ತೇನೆ. ಕಾರಣ ಆಮೇಲೆ ನೋಡೋಣ.

ಅವ್ವನನ್ನು ಬಾಯಿ ಮತ್ತು ದವಡೆ ಶಸ್ತ್ರಚಿಕಿತ್ಸಕರಿಗೆ ತೋರಿಸಿ. ಕಲಬುರಗಿಯ ದಂತ ಕಾಲೇಜುಗಳಲ್ಲಿ ಈ ವಿಭಾಗ ಇದೆ. ಆಳಂದದಿಂದ ಸುಮಾರು ಒಂದು ತಾಸಿನ ದಾರಿ, ಅಷ್ಟೇ. ಹೋಗುವಾಗ ಕ್ಯಾನ್ಸರ್ ಚಿಕಿತ್ಸೆಯ ಪೂರ್ತಿ ಫೈಲ್ ಒಯ್ಯಿರಿ. ಎಷ್ಟು ಸಲೈನ್ ಆಗಿವೆ, ಕೊನೆಯದು ಯಾವ ತಾರೀಖಿಗೆ ಆಯ್ತು ಅನ್ನುವುದು ಅದರಲ್ಲಿರುತ್ತದೆ. ಮುಂದಿನ ಸಲೈನ್ ತಾರೀಖು ಹತ್ತಿರ ಬಂದಿದ್ದರೆ ಅದಕ್ಕೂ ಮುಂಚೆ ಕ್ಯಾನ್ಸರ್ ಡಾಕ್ಟರಿಗೆ ಫೋನ್ ಮಾಡಿ, 'ದವಡೆಯಲ್ಲಿ ಎಲುಬು ಕಾಣುತ್ತಿದೆ' ಅಂತ ಹೇಳಿ. ಹಾಕಬೇಕೋ ಮುಂದೂಡಬೇಕೋ ಅವರು ತೀರ್ಮಾನ ಮಾಡಲಿ. ನೀವಾಗಿಯೇ ನಿಲ್ಲಿಸಬೇಡಿ. ಹೇಳದೆ ಹಾಕಿಸಲೂಬೇಡಿ.

ಅಲ್ಲಿವರೆಗೆ ಗಾಯಕ್ಕೆ ಲವಂಗದ ಎಣ್ಣೆ, ಅರಿಶಿನ, ತಂಬಾಕು ಏನೂ ಒತ್ತಬೇಡಿ. ಕಾಣುವ ಎಲುಬನ್ನು ಸೂಜಿಯಿಂದ, ಉಗುರಿನಿಂದ ಕೆದಕಬೇಡಿ. ಜ್ವರ ಬಂದರೆ, ಗದ್ದದ ಕೆಳಗೆ ಬಾವು ಏರಿದರೆ, ನುಂಗಲು ಅಥವಾ ಉಸಿರಾಡಲು ತ್ರಾಸು ಆದರೆ ವಾರ ಕಾಯುವ ಮಾತೇ ಇಲ್ಲ. ಅದೇ ರಾತ್ರಿ ದೊಡ್ಡ ಆಸ್ಪತ್ರೆಗೆ ಹೋಗಿ.

ಈಗ ಕಾರಣಕ್ಕೆ ಬರೋಣ. ನಾನು ಅವ್ವನ ಬಾಯಿ ನೋಡಿಲ್ಲ, ಹಾಗಾಗಿ ಇದೇ ಅಂತ ಮುದ್ರೆ ಒತ್ತುವುದಿಲ್ಲ. ಆದರೆ ನೀವು ಬರೆದದ್ದು ಒಂದು ಕಾಯಿಲೆಗೆ ಬಹಳ ಹೊಂದುತ್ತದೆ. ಎಲುಬಿನ ಔಷಧದಿಂದ ದವಡೆಯ ಎಲುಬಿನ ಒಂದು ಭಾಗ ಸಾಯುವುದು. ಡಾಕ್ಟರುಗಳು ಇದನ್ನು ಎಂಆರ್‌ಒಎನ್‌ಜೆ ಅನ್ನುತ್ತಾರೆ. ಹಲ್ಲು ಕಿತ್ತ ಜಾಗದ ವಸಡು ಸಾಮಾನ್ಯವಾಗಿ ಎರಡು ಮೂರು ವಾರದಲ್ಲಿ ಕೂಡಿಕೊಳ್ಳುತ್ತದೆ. ಇಂಥ ಔಷಧ ತೆಗೆದುಕೊಂಡವರ ದವಡೆ ಎಲುಬು 8 ವಾರ ದಾಟಿದರೂ ತೆರೆದೇ ಇದ್ದರೆ, ದವಡೆಗೆ ರೇಡಿಯೇಷನ್ ಆಗಿರದಿದ್ದರೆ, ಕ್ಯಾನ್ಸರ್ ಅಲ್ಲಿಗೆ ಹರಡಿಲ್ಲ ಅಂತ ಖಾತ್ರಿಯಾದರೆ, ಆಗ ಈ ಹೆಸರು ಕೊಡುತ್ತೇವೆ. ಅವ್ವನಿಗೆ 12 ವಾರ ದಾಟಿದೆ, ಅಲ್ವಾ?

ನಮ್ಮ ಕಡೆಯ ಮನೆಯದೇ ಒಂದು ಉದಾಹರಣೆ ಕೊಡುತ್ತೇನೆ. ಶಹಾಬಾದ್ ಫರ್ಸಿ ಹಾಸಿದ ಹಳೆ ಮನೆ ಅಂದುಕೊಳ್ಳಿ. ಬಿರುಕು ಬಿಟ್ಟ ಫರ್ಸಿಯನ್ನು ಕಿತ್ತು ಹಾಕಲು ಒಂದು ಗುಂಪು, ಹೊಸದು ಕೂಡಿಸಲು ಇನ್ನೊಂದು ಗುಂಪು. ನಮ್ಮ ಎಲುಬಿನಲ್ಲಿ ಈ ಎರಡೂ ಕೆಲಸ ಹುಟ್ಟಿನಿಂದ ಸಾಯುವವರೆಗೆ ನಡೆಯುತ್ತಲೇ ಇರುತ್ತದೆ. ಕ್ಯಾನ್ಸರ್ ಎಲುಬಿಗೆ ಬಂದಾಗ ಅದು ಕೀಳುವ ಗುಂಪನ್ನು ಕೆಣಕುತ್ತದೆ. ಅವರು ಚೆನ್ನಾಗಿರುವ ಫರ್ಸಿಯನ್ನೂ ಕಿತ್ತು ಹಾಕುತ್ತಾರೆ, ಎಲುಬು ಟೊಳ್ಳಾಗುತ್ತದೆ. ಝೋಲೆಡ್ರೊನಿಕ್ ಆಸಿಡ್ ಆ ಗುಂಪಿನ ಕೈ ಕಟ್ಟುತ್ತದೆ. ಬೆನ್ನೆಲುಬು ಮುರಿಯದೆ ನಿಲ್ಲುತ್ತದೆ, ನೋವು ಕಡಿಮೆಯಾಗುತ್ತದೆ. ಅವ್ವ ಇವತ್ತು ಎದ್ದು ಓಡಾಡುತ್ತಿದ್ದರೆ ಅದರಲ್ಲಿ ಈ ಸಲೈನಿನ ಪಾಲೂ ಇದೆ.

ಆದರೆ ದವಡೆಯ ಕಥೆ ಬೇರೆ. ಹಲ್ಲಿನ ಸುತ್ತಲಿನ ಎಲುಬು ಮೈಯ ಬೇರೆ ಎಲುಬಿಗಿಂತ ಬೇಗ ಬೇಗ ಬದಲಾಗುತ್ತದೆ. ದಿನಾ ಅಗಿಯುವ ಭಾರ ಬೀಳುತ್ತದೆ. ಆ ಎಲುಬನ್ನು ಮುಚ್ಚಿದ ವಸಡು ತೀರಾ ತೆಳು. ಬಾಯಿ ತುಂಬ ಕ್ರಿಮಿಗಳು. ಅಲ್ಲಿ ಹಲ್ಲು ಕಿತ್ತರೆ ಫರ್ಸಿ ಒಡೆದಂತೆ. ಒಡೆದ ತುಂಡನ್ನು ತೆಗೆಯುವವರ ಕೈ ಕಟ್ಟಿದೆ. ತುಂಡು ಅಲ್ಲೇ ಉಳಿಯುತ್ತದೆ, ಕೆಳಗೆ ಹೊಲಸು ಸೇರುತ್ತದೆ, ವಸಡು ಅದರ ಮೇಲೆ ಹರಡುವುದಿಲ್ಲ. ಹೆಚ್ಚಾಗಿ ಕೆಳದವಡೆಯಲ್ಲೇ ಹೀಗಾಗುತ್ತದೆ. ನಾಲ್ವರಲ್ಲಿ ಮೂವರಿಗೆ ಕೆಳಗೆ, ಒಬ್ಬರಿಗೆ ಮೇಲೆ ಅನ್ನಬಹುದು.

ಎಷ್ಟೋ ಸಲ ಆ ಹಲ್ಲು ಅಲುಗಾಡಿದ್ದೇ ಈ ಕಾಯಿಲೆಯ ಮೊದಲ ಸೂಚನೆ ಆಗಿರುತ್ತದೆ. ಒಳಗೆ ಎಲುಬು ಆಗಲೇ ಕೆಟ್ಟಿರುತ್ತದೆ, ಹಲ್ಲು ಕಿತ್ತ ಮೇಲೆ ಹೊರಗೆ ಕಾಣುತ್ತದೆ. ಹಲ್ಲಿನ ಡಾಕ್ಟರ್ ಮೇಲೆ ಸಿಟ್ಟು ಬಂದಿದ್ದರೆ ಇದನ್ನು ನೆನಪಿಡಿ. ಹಾಗೆಯೇ 'ನಾನೇ ಕರೆದುಕೊಂಡು ಹೋಗಿ ಕೀಳಿಸಿದೆ' ಅಂತ ನಿಮ್ಮನ್ನು ನೀವು ಬೈದುಕೊಳ್ಳುತ್ತಿದ್ದರೆ ಅದನ್ನೂ ಬಿಡಿ.

ಓಣಿಯವರ ಮಾತು ಪೂರ್ತಿ ಸುಳ್ಳು ಅಂತ ನಾನು ಹೇಳಲಾರೆ. ತುಟಿ ಜುಮ್ಮೆನ್ನುವುದು ಸತ್ತ ಎಲುಬಿನ ಸೋಂಕು ನರಕ್ಕೆ ತಾಗಿದರೂ ಆಗುತ್ತದೆ, ಕ್ಯಾನ್ಸರ್ ದವಡೆಗೆ ಬಂದರೂ ಆಗುತ್ತದೆ. ಅದಕ್ಕೇ ಬೇಗ ತೋರಿಸಿ ಅಂದದ್ದು. ಮೊದಲು ಇಡೀ ದವಡೆಯ ಎಕ್ಸ್‌ರೇ, ಓಪಿಜಿ ಅನ್ನುತ್ತೇವೆ. ಆಮೇಲೆ ಬೇಕಾದರೆ ಸಿಟಿ ಸ್ಕ್ಯಾನ್. ಅನುಮಾನ ಉಳಿದರೆ ಮಾತ್ರ ಚೂರು ತೆಗೆದು ಬಯಾಪ್ಸಿ. ಸುಮ್ನೆ ಎಲ್ಲರಿಗೂ ಬಯಾಪ್ಸಿ ಮಾಡುವುದಿಲ್ಲ, ಯಾಕೆಂದರೆ ಅದೂ ಎಲುಬಿಗೆ ಇನ್ನೊಂದು ಗಾಯ. ಇನ್ನು ಕೆಲವರು 'ಇದು ಬ್ಲ್ಯಾಕ್ ಫಂಗಸ್ಸೇನ್ರಿ?' ಅಂತ ಕೇಳುತ್ತಾರೆ. 2021ರಲ್ಲಿ ಕೊರೊನಾ ಆದಮೇಲೆ ಮೇಲ್ದವಡೆ ಕಳೆದುಕೊಂಡವರನ್ನು ನೋಡಿದ ಭಯ ಅದು. ಆ ಕಾಯಿಲೆ ಹೆಚ್ಚಾಗಿ ಮೇಲ್ದವಡೆ, ಮೂಗು, ಕಣ್ಣಿನ ಕಡೆ ದಿನಗಳಲ್ಲಿ ಓಡುತ್ತದೆ. ಕೆಳದವಡೆಯಲ್ಲಿ ಮೂರು ತಿಂಗಳು ನಿಧಾನವಾಗಿ ನಡೆದದ್ದು ಅದರ ಹಾಗೆ ಕಾಣುವುದಿಲ್ಲ.

ಈ ಕಾಯಿಲೆ ಇದ್ದವರ ಬಾಯಿಂದ ನಾನು ಕೇಳಿದ್ದನ್ನು ಹೇಳಬೇಕು. ಎಕ್ಸ್‌ರೇಯಲ್ಲಿ ಕಾಣದ ಸಂಗತಿ ಅಲ್ಲಿರುತ್ತದೆ. ಚಿಂಚೋಳಿ ಕಡೆಯ ಒಬ್ಬ ಹಿರಿಯರು, ಪ್ರಾಸ್ಟೇಟ್ ಕ್ಯಾನ್ಸರ್ ಎಲುಬಿಗೆ ಹರಡಿತ್ತು. ಅವರು ಹಲ್ಲು ಕೀಳಿಸಿಯೇ ಇರಲಿಲ್ಲ. ಕಟ್ಟಿಸಿದ ಹಲ್ಲಿನ ಸೆಟ್ ಒಂದು ಕಡೆ ಉಜ್ಜುತ್ತಿತ್ತು, ಅಷ್ಟೇ. 'ರೊಟ್ಟಿ ಚೂರು ಸಿಕ್ಕಂಗ ಅನಿಸ್ತದ್ರಿ, ನಾಲಿಗಿ ಅಲ್ಲೇ ಹೋಗ್ತದ, ತೆಗಿಲಿಕ್ಕ ಹೋದ್ರ ಬರಂಗಿಲ್ಲ' ಅಂದರು. ಅದು ಅವರದೇ ಎಲುಬು. ನೋವಿರಲಿಲ್ಲ, ಕೀವಿರಲಿಲ್ಲ. ಸೆಟ್ ಬಿಡಿಸಿ, ಬಾಯಿ ಮುಕ್ಕಳಿಸುವ ಔಷಧ ಕೊಟ್ಟು, ತಿಂಗಳಿಗೊಮ್ಮೆ ನೋಡುತ್ತ ಬಂದೆವು. ಎಂಟು ತಿಂಗಳಾದ ಮೇಲೆ ಹುಣಸೆ ಬೀಜದಷ್ಟು ತುಂಡು ತಾನೇ ಸಡಿಲಾಯಿತು. ಅದನ್ನು ತೆಗೆದ ಮೇಲೆ ವಸಡು ಮುಚ್ಚಿಕೊಂಡಿತು.

ಶಹಾಪುರದ ಒಬ್ಬ ತಾಯಿಯ ಅನುಭವ ನನ್ನ ಮನಸ್ಸಿನಿಂದ ಹೋಗಿಲ್ಲ. ಅವರಿಗೆ ಕ್ಯಾನ್ಸರ್ ಇರಲಿಲ್ಲ. ಕೀಲುವಾತಕ್ಕೆ ವರ್ಷಗಟ್ಟಲೆ ಸ್ಟೀರಾಯ್ಡ್ ಗುಳಿಗೆ, ಜೊತೆಗೆ ಎಲುಬು ಸವೆತದ ಗುಳಿಗೆ, ಮೇಲೆ ಶುಗರ್. ಬಾಯಿ ವಾಸನೆ ಶುರುವಾದಾಗ ಯಾರಿಗೂ ಹೇಳಲಿಲ್ಲ. ಐದು ತಿಂಗಳು ಸೆರಗು ಬಾಯಿಗೆ ಅಡ್ಡ ಇಟ್ಟು ಮಾತಾಡಿದರು. ಮದುವೆಗೆ ಹೋಗಲಿಲ್ಲ. ಪಂಕ್ತಿಯಲ್ಲಿ ಕೂಡದೆ ಒಬ್ಬರೇ ಅಡುಗೆಮನೆಯಲ್ಲಿ ಉಂಡರು. ಕೊನೆಗೆ ಮೊಮ್ಮಗ 'ಆಯಿ, ವಾಸನಿ ಬರ್ತದ' ಅಂದ ದಿನ ಅತ್ತುಬಿಟ್ಟರಂತೆ. ನನ್ನ ಮುಂದೆ ಕೂತಾಗ ನೋವಿನ ಬಗ್ಗೆ ಅವರು ಹೆಚ್ಚು ಮಾತಾಡಲೇ ಇಲ್ಲ. ಆ ಐದು ತಿಂಗಳ ಒಂಟಿತನದ ಬಗ್ಗೆ ಮಾತಾಡಿದರು. ಆಪರೇಷನ್ ಮಾಡಿ ಸತ್ತ ಎಲುಬು ತೆಗೆದು ವಸಡು ಹೊಲಿದೆವು, ಗಾಯ ಮಾಯ್ದಿತು. ನಿಮ್ಮ ಅವ್ವನೂ ಹೀಗೆ ದೂರ ಕೂಡುತ್ತಿದ್ದಾರಾ ನೋಡಿ. ವಾಸನೆ ಕೀವಿನದು, ಚಿಕಿತ್ಸೆಯಿಂದ ಹೋಗುತ್ತದೆ ಅಂತ ಅವರಿಗೆ ಇವತ್ತೇ ಹೇಳಿ.

ಎಲ್ಲರಿಗೂ ಹೀಗೆ ಸುಲಭಕ್ಕೆ ಮುಗಿಯುವುದಿಲ್ಲ. ತಡವಾಗಿ ಬಂದ ಒಬ್ಬರಿಗೆ ಕೀವು ಗದ್ದದ ಚರ್ಮ ಒಡೆದು ಹೊರಬಂದಿತ್ತು, ಅಗಿಯುವಾಗಲೇ ದವಡೆ ಮುರಿದಿತ್ತು. ದೊಡ್ಡ ಆಪರೇಷನ್ ಬೇಕಾಯಿತು. ಹೆದರಿಸಲಿಕ್ಕೆ ಹೇಳುತ್ತಿಲ್ಲ. ಮೂರು ತಿಂಗಳಿಗೆ ಬಂದವರಿಗೂ ಒಂದು ವರ್ಷ ಬಿಟ್ಟು ಬಂದವರಿಗೂ ಎಷ್ಟು ಅಂತರ ಅಂತ ನಿಮಗೆ ಗೊತ್ತಿರಲಿ.

ಅವ್ವನಿಗೆ ಏನು ಚಿಕಿತ್ಸೆ ಕೊಡಬಹುದು? ನೋವು, ಕೀವು ಇದ್ದರೆ ಆ್ಯಂಟಿಬಯೋಟಿಕ್, ಹೆಚ್ಚಾಗಿ ಪೆನಿಸಿಲಿನ್ ಗುಂಪಿನದು. ಅದು ಅಲರ್ಜಿ ಆದವರಿಗೆ ಬೇರೆ ಇವೆ. ಅಲರ್ಜಿ ಇದ್ದರೆ ಮೊದಲೇ ಹೇಳಬೇಕು. ದಿನಕ್ಕೆ ಎರಡು ಸಲ ಕ್ಲೋರ್‌ಹೆಕ್ಸಿಡಿನ್ ಮುಕ್ಕಳಿಸುವುದು. ಪೇಸ್ಟ್ ಹಚ್ಚಿ ಹಲ್ಲು ತಿಕ್ಕಿದ ಕೂಡಲೇ ಮುಕ್ಕಳಿಸಬೇಡಿ, ಅರ್ಧ ಗಂಟೆ ಬಿಡಿ, ಇಲ್ಲದಿದ್ದರೆ ಔಷಧ ಸರಿಯಾಗಿ ಕೆಲಸ ಮಾಡುವುದಿಲ್ಲ. ಹಲ್ಲಿನ ಮೇಲೆ ಕಂದು ಕಲೆ ಕೂಡುತ್ತದೆ, ಅದನ್ನು ಆಮೇಲೆ ತೆಗೆಯಬಹುದು. ಎಷ್ಟು ಎಲುಬು ಸತ್ತಿದೆ ಅಂತ ಸ್ಕ್ಯಾನಿನಲ್ಲಿ ಗೊತ್ತಾದ ಮೇಲೆ ಕಾಯಬೇಕೋ ಆಪರೇಷನ್ ಮಾಡಬೇಕೋ ನಿರ್ಧಾರ ಆಗುತ್ತದೆ. ಮೊದಲೆಲ್ಲ ನಾವು ಆದಷ್ಟು ಕೈ ಹಾಕದೆ ಕಾಯುತ್ತಿದ್ದೆವು. ಈಗ ಆಪರೇಷನ್ ತಾಳಿಕೊಳ್ಳುವವರಿಗೆ ಬೇಗ ಮಾಡುವ ಕಡೆ ಜಾಸ್ತಿ ಒಲವಿದೆ. ನನ್ನ ಅಭಿಪ್ರಾಯವೂ ಅದೇ, ಆದರೆ ಅವ್ವನ ಕ್ಯಾನ್ಸರಿನ ಸ್ಥಿತಿ ನೋಡಿಯೇ ಹೇಳಬೇಕಾದ ಮಾತು.

ಸಲೈನ್ ಬಿಡಿಸುವ ವಿಷಯಕ್ಕೆ ಬರುತ್ತೇನೆ. ಬಿಟ್ಟ ಕೂಡಲೇ ಔಷಧ ಮೈಯಿಂದ ಹೋಗುತ್ತದೆ ಅಂತ ಜನ ತಿಳಿದಿದ್ದಾರೆ. ಝೋಲೆಡ್ರೊನಿಕ್ ಆಸಿಡ್ ಎಲುಬಿಗೆ ಅಂಟಿಕೊಂಡು ವರ್ಷಗಟ್ಟಲೆ ಇರುತ್ತದೆ. ಒಂದೆರಡು ಸಲೈನ್ ತಪ್ಪಿಸಿದರೆ ದವಡೆಗೆ ಆಗುವ ಲಾಭದ ಬಗ್ಗೆ ತಜ್ಞರಲ್ಲೇ ಒಮ್ಮತವಿಲ್ಲ. ಬೆನ್ನೆಲುಬಿಗೆ ಆಗಬಹುದಾದ ನಷ್ಟ ಎಷ್ಟು ಅಂತ ಕ್ಯಾನ್ಸರ್ ಡಾಕ್ಟರಿಗೆ ಮಾತ್ರ ಗೊತ್ತು. ನೀವು ಅವರನ್ನು ಒಂದು ಪ್ರಶ್ನೆ ಕೇಳಬಹುದು: 'ತಿಂಗಳಿಗೊಮ್ಮೆ ಬದಲು ಮೂರು ತಿಂಗಳಿಗೊಮ್ಮೆ ಹಾಕಿದರೆ ನಡೆಯುತ್ತದಾ?' ಎಲುಬಿಗೆ ಹರಡಿದ ಕ್ಯಾನ್ಸರಿನಲ್ಲಿ 12 ವಾರಕ್ಕೊಮ್ಮೆ ಕೊಟ್ಟರೂ 4 ವಾರಕ್ಕೊಮ್ಮೆ ಕೊಟ್ಟಷ್ಟೇ ಎಲುಬಿನ ರಕ್ಷಣೆ ಸಿಗುತ್ತದೆ ಅಂತ 2017ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ತೋರಿಸಿದೆ. ಕೇಳುವುದರಲ್ಲಿ ಸಂಕೋಚ ಬೇಡ.

ಇನ್ನು ನಿಮ್ಮ ಕಾಕು. ಅವರಿಗಾಗಿ ಈ ಭಾಗವನ್ನು ಗಟ್ಟಿಯಾಗಿ ಓದಿ ಹೇಳಿ.

ಕಾಕು ತೆಗೆದುಕೊಳ್ಳುತ್ತಿದ್ದುದು ಬಹುಶಃ ಅಲೆಂಡ್ರೊನೇಟ್ 70 ಮಿ.ಗ್ರಾಂ. ಇರಬೇಕು. ಅದೂ ಅವ್ವನ ಸಲೈನಿನ ಕುಲದ್ದೇ. ಆದರೆ ಪ್ರಮಾಣ ಬೇರೆ. ಎಲುಬು ಸವೆತಕ್ಕೆ ಝೋಲೆಡ್ರೊನಿಕ್ ಆಸಿಡ್ ಕೊಟ್ಟರೂ ವರ್ಷಕ್ಕೆ ಒಂದೇ ಸಲ 5 ಮಿ.ಗ್ರಾಂ. ಅವ್ವನಿಗೆ ತಿಂಗಳಿಗೆ 4 ಅಂದರೆ ವರ್ಷಕ್ಕೆ 48. ಅಮೆರಿಕದ ಬಾಯಿ-ದವಡೆ ಶಸ್ತ್ರಚಿಕಿತ್ಸಕರ ಸಂಘ 2022ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ, ಕ್ಯಾನ್ಸರಿಗೆ ಈ ಸಲೈನ್ ತೆಗೆದುಕೊಳ್ಳುವ 100 ಜನರಲ್ಲಿ 5ಕ್ಕಿಂತ ಕಡಿಮೆ ಜನಕ್ಕೆ ದವಡೆ ತೊಂದರೆ ಆಗುತ್ತದೆ. ಎಲುಬು ಸವೆತಕ್ಕೆ ಈ ಕುಲದ ಔಷಧ ತೆಗೆದುಕೊಳ್ಳುವ 10,000 ಜನರಲ್ಲಿ 2ರಿಂದ 5 ಜನಕ್ಕೆ. ಎಲುಬು ಸವೆತಕ್ಕೇ ಚರ್ಮದ ಕೆಳಗೆ ಆರು ತಿಂಗಳಿಗೊಮ್ಮೆ ಕೊಡುವ ಡೆನೊಸುಮ್ಯಾಬ್ ಸೂಜಿಯಲ್ಲಿ 1,000ಕ್ಕೆ ಸುಮಾರು 3. ಇನ್ನೊಂದು ಕಡೆ, ಸವೆದ ಎಲುಬಿನವರು ಬಚ್ಚಲಲ್ಲಿ ಜಾರಿ ಸೊಂಟದ ಎಲುಬು ಮುರಿದುಕೊಂಡು ಹಾಸಿಗೆ ಹಿಡಿಯುವುದನ್ನು ನಾವು ಪ್ರತಿ ಓಣಿಯಲ್ಲೂ ನೋಡುತ್ತೇವೆ. ಕಾಕು ಗುಳಿಗೆ ಬಿಟ್ಟಿದ್ದರಿಂದ ದವಡೆಯ ಚಿಕ್ಕ ಅಪಾಯ ತಪ್ಪಿಸಲು ಹೋಗಿ ಸೊಂಟದ ದೊಡ್ಡ ಅಪಾಯಕ್ಕೆ ಹತ್ತಿರವಾಗಿದ್ದಾರೆ. ಬರೆದುಕೊಟ್ಟ ಡಾಕ್ಟರನ್ನು ಕಂಡು ಮತ್ತೆ ಶುರು ಮಾಡಲಿ. ಐದು ವರ್ಷಕ್ಕಿಂತ ಹೆಚ್ಚು ತೆಗೆದುಕೊಂಡಿದ್ದರೆ 'ಸ್ವಲ್ಪ ದಿನ ಬಿಡುವು ಕೊಡಬಹುದಾ?' ಅಂತ ಅವರನ್ನೇ ಕೇಳಲಿ. ಕೆಲವರಿಗೆ ಕೊಡುತ್ತಾರೆ.

ಡೆನೊಸುಮ್ಯಾಬ್ ತೆಗೆದುಕೊಳ್ಳುವವರು ನಿಮ್ಮ ಬಳಗದಲ್ಲಿ ಇದ್ದರೆ ಇನ್ನೂ ಎಚ್ಚರ ಬೇಕು. ಅದು ಎಲುಬಿಗೆ ಅಂಟಿ ಕೂಡುವುದಿಲ್ಲ. ಹಾಗಾಗಿ ಬದಲಿ ಔಷಧ ಇಲ್ಲದೆ ಸೂಜಿ ನಿಲ್ಲಿಸಿದರೆ ಕೀಳುವ ಗುಂಪು ಒಮ್ಮೆಲೇ ಎದ್ದು ಬರುತ್ತದೆ. ಬೆನ್ನೆಲುಬಿನ ಹಲವು ಮಣಿಗಳು ಒಟ್ಟಿಗೆ ಕುಸಿದವರಿದ್ದಾರೆ.

ಇದು ದವಡೆಗೆ ಮೊದಲ ಸಲ ಬಂದ ವಿಪತ್ತೂ ಅಲ್ಲ. 19ನೇ ಶತಮಾನದಲ್ಲಿ ಬೆಂಕಿಕಡ್ಡಿ ಕಾರ್ಖಾನೆಗಳಲ್ಲಿ ಬಿಳಿ ರಂಜಕದ ಹೊಗೆ ಕುಡಿದ ಹೆಣ್ಣುಮಕ್ಕಳ ದವಡೆ ಹೀಗೇ ಸತ್ತು, ಕೀವಾಗಿ, ವಾಸನೆ ಹೊಡೆಯುತ್ತಿತ್ತು. 1888ರಲ್ಲಿ ಲಂಡನ್ನಿನ ಆ ಹೆಂಗಸರು ಮುಷ್ಕರ ಹೂಡಿದರು. 1906ರಲ್ಲಿ ಬರ್ನ್ ನಗರದಲ್ಲಿ ಹಲವು ದೇಶಗಳು ಸೇರಿ ಬಿಳಿ ರಂಜಕದ ಕಡ್ಡಿ ನಿಷೇಧಿಸುವ ಒಪ್ಪಂದ ಮಾಡಿಕೊಂಡವು. ಆಮೇಲೆ ಆ ಕಾಯಿಲೆ ಮರೆತೇಹೋಯಿತು. 2003ರಲ್ಲಿ ಅಮೆರಿಕದ ಡಾ. ರಾಬರ್ಟ್ ಮಾರ್ಕ್ಸ್ ಎಲುಬಿನ ಔಷಧ ಪಡೆದ 36 ಜನರಲ್ಲಿ ಅಂಥದೇ ದವಡೆಯನ್ನು ಕಂಡು ಬರೆದರು. ಅವ್ವನ ಸಲೈನಿನ ಕುಲದ ಔಷಧಗಳಲ್ಲೂ ರಂಜಕದ ಕೊಂಡಿ ಇದೆ.

ಹಾಗಾದರೆ ಇದನ್ನು ಮೊದಲೇ ತಡೆಯಬಹುದಿತ್ತಾ? ಎಷ್ಟೋ ಸಲ ತಡೆಯಬಹುದು. ಸಲೈನ್ ಶುರುವಾಗುವ ಮುಂಚೆ ಒಮ್ಮೆ ಹಲ್ಲು ತೋರಿಸಿ, ಉಳಿಯಲಾರದ ಹಲ್ಲು ಕೀಳಿಸಿ, ಗಾಯ ಮಾಯ್ದ ಮೇಲೆ ಶುರು ಮಾಡಿದರೆ ಅಪಾಯ ಬಹಳ ಕಡಿಮೆಯಾಗುತ್ತದೆ. ಶುರುವಾದ ಮೇಲೂ ಹುಳುಕು ತುಂಬಿಸುವುದು, ಹಲ್ಲು ಕ್ಲೀನ್ ಮಾಡಿಸುವುದು, ರೂಟ್ ಕೆನಾಲ್ ಮಾಡಿಸುವುದಕ್ಕೆ ಅಡ್ಡಿಯಿಲ್ಲ. ಕೀಳುವ ಬದಲು ರೂಟ್ ಕೆನಾಲ್ ಮಾಡಿ, ಮೇಲಿನ ಭಾಗ ಕತ್ತರಿಸಿ ಬೇರನ್ನು ಹಾಗೇ ಬಿಡುವ ದಾರಿಯೂ ಇದೆ.

ನಾನು ಈ ಪಾಠ ಕಲಿತದ್ದು ಒಂದು ತಪ್ಪಿನಿಂದ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಅಜ್ಜಿಯನ್ನು 'ಏನಾದರೂ ಗುಳಿಗೆ ತಗೋತೀರಾ?' ಅಂತ ಕೇಳಿದೆ. 'ಇಲ್ಲಪಾ' ಅಂದರು. ಹಲ್ಲು ಕಿತ್ತೆ. ಗಾಯ ಮಾಯಲಿಲ್ಲ. ಎರಡು ತಿಂಗಳ ಮೇಲೆ ಮಗಳು ಬಂದು, ಹೈದರಾಬಾದಿನಲ್ಲಿ ವರ್ಷಕ್ಕೊಮ್ಮೆ ಸಲೈನ್ ಹಾಕಿಸುತ್ತೇವೆ ಅಂದರು. ಅಜ್ಜಿ ಸುಳ್ಳು ಹೇಳಿರಲಿಲ್ಲ. ಅವರ ಲೆಕ್ಕದಲ್ಲಿ ಸಲೈನ್ ಗುಳಿಗೆ ಅಲ್ಲ. ನಾನೇ ಸರಿಯಾಗಿ ಕೇಳಿರಲಿಲ್ಲ. ನಮ್ಮ ಕಡೆ ಕ್ಯಾನ್ಸರಿಗೆ ಹೈದರಾಬಾದ್, ಸೊಲ್ಲಾಪುರ, ಕಲಬುರಗಿಯ ಕಿದ್ವಾಯಿ ಕೇಂದ್ರ, ಹಲ್ಲಿಗೆ ಊರ ಹತ್ತಿರದ ಕ್ಲಿನಿಕ್. ಇಬ್ಬರು ಡಾಕ್ಟರುಗಳು ಒಬ್ಬರ ಮುಖ ಒಬ್ಬರು ನೋಡಿರುವುದಿಲ್ಲ. ಈಗ ನಾನು ಪ್ರತಿಯೊಬ್ಬರನ್ನೂ ಹೀಗೆ ಕೇಳುತ್ತೇನೆ: 'ಎಲುಬಿಗೆ ಅಂತ ವಾರಕ್ಕೊಮ್ಮೆ ಗುಳಿಗೆ, ಆರು ತಿಂಗಳಿಗೊಮ್ಮೆ ಸೂಜಿ, ತಿಂಗಳಿಗೋ ವರ್ಷಕ್ಕೋ ಸಲೈನ್ ಯಾವತ್ತಾದರೂ ತಗೊಂಡೀರಾ?' ಯಾವತ್ತಾದರೂ ಅನ್ನುವುದು ಮುಖ್ಯ. ಮೂರು ವರ್ಷದ ಹಿಂದೆ ನಿಲ್ಲಿಸಿದ್ದೂ ಲೆಕ್ಕಕ್ಕೆ ಬರುತ್ತದೆ.

ಊಟದ ಬಗ್ಗೆ ನೀವು ಕೇಳಿಲ್ಲ, ಆದರೆ ಹೇಳಲೇಬೇಕು. ಕಡಕ್ ರೊಟ್ಟಿ ಸದ್ಯ ಬೇಡ, ಅದರ ಅಂಚು ತೆರೆದ ವಸಡಿಗೆ ಚುಚ್ಚುತ್ತದೆ. ಬಿಸಿ ರೊಟ್ಟಿಯನ್ನು ತೊಗರಿಬೇಳೆ ಸಾರಿನಲ್ಲಿ ನೆನೆಸಿ ಕೊಡಿ. ಜೋಳದ ನುಚ್ಚು, ಅಂಬಲಿ, ಮೊಸರನ್ನ ಒಳ್ಳೆಯದು. ಶೇಂಗಾ ಹಿಂಡಿ ಗಾಯದಲ್ಲಿ ಕೂಡುತ್ತದೆ, ಉಂಡರೆ ಚೆನ್ನಾಗಿ ಮುಕ್ಕಳಿಸಲಿ. ಬೇವಿನ ಕಡ್ಡಿ ಬಿಟ್ಟು ಮೆತ್ತನೆಯ ಬ್ರಷ್ ಕೊಡಿ. ಎಲೆ ಅಡಿಕೆ, ತಂಬಾಕು ಇದ್ದರೆ ಪೂರ್ತಿ ನಿಲ್ಲಿಸಬೇಕು. ಶುಗರ್ ಇದ್ದರೆ ಹತೋಟಿಗೆ ಬರಬೇಕು, ಇಲ್ಲವಾದರೆ ಯಾವ ಆಪರೇಷನ್ ಹೊಲಿಗೆಯೂ ನಿಲ್ಲುವುದು ಕಷ್ಟ.

ಔಷಧದಿಂದ ತೊಂದರೆ ಆಗಿದೆ ಅಂತ ರೋಗಿಯ ಮನೆಯವರೇ ಸರ್ಕಾರಕ್ಕೆ ತಿಳಿಸಬಹುದು. ಭಾರತೀಯ ಔಷಧ ಜಾಗೃತಿ ಕಾರ್ಯಕ್ರಮದ ಉಚಿತ ಸಹಾಯವಾಣಿ 1800-180-3024. ಅಲ್ಲಿ ದೂರು ಅಂತ ಏನೂ ಇಲ್ಲ, ಯಾರ ಮೇಲೂ ಕೇಸ್ ಆಗುವುದಿಲ್ಲ. ಇಂಥ ವರದಿಗಳು ಒಂದೊಂದಾಗಿ ಸೇರಿದರೆ ಮುಂದಿನ ರೋಗಿಗೆ ಡಾಕ್ಟರ್ ಮೊದಲೇ ಎಚ್ಚರಿಕೆ ಹೇಳುವ ಹಾಗಾಗುತ್ತದೆ.

ಕೊನೆಗೆ ಒಂದು ಚಿಕ್ಕ ಕೆಲಸ. ಒಂದು ರಟ್ಟಿನ ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಅವ್ವನ ಫೈಲಿನ ಮೊದಲ ಪುಟಕ್ಕೆ ಅಂಟಿಸಿ: 'ಇವರಿಗೆ ಎರಡು ವರ್ಷದಿಂದ ಝೋಲೆಡ್ರೊನಿಕ್ ಆಸಿಡ್ 4 ಮಿ.ಗ್ರಾಂ. ತಿಂಗಳಿಗೊಮ್ಮೆ ಆಗಿದೆ. ಕ್ಯಾನ್ಸರ್ ಡಾಕ್ಟರನ್ನು ಕೇಳದೆ ಹಲ್ಲು ಕೀಳಬೇಡಿ.' ಕೆಳಗೆ ಆ ಡಾಕ್ಟರ ಫೋನ್ ನಂಬರ್ ಇರಲಿ. ಕಾಕುವಿಗೂ ಅವರ ಗುಳಿಗೆಯ ಹೆಸರು, ಶುರು ಮಾಡಿದ ವರ್ಷ ಬರೆದ ಒಂದು ಚೀಟಿ ಮಾಡಿಕೊಡಿ.